ಮುಟ್ಟುವ ಮೊದಲು

ಮೇ ತಿಂಗಳ ಮೂಡಣ ಗಾಳಿ.
ಹುಸುಮ್ ಆಚೆಯ ಹಳದಿ ಸಾಸಿವೆ ಹೊಲಗಳ
ಬಿಸುಪನ್ನು ಮೈಗೆ ಸುತ್ತಿಕೊಂಡು
ಒಡ್ಡು ದಾಟಿ ಕಡಲಿಗಿಳಿಯುತ್ತದೆ.
ಕಡಲಿಗಿನ್ನೂ ಚಳಿಗಾಲ ಬಿಟ್ಟಿಲ್ಲ.
ಅಡಿಯಲ್ಲಿ ತಣ್ಣಗೆ, ಮೇಲೆ ಬೆಚ್ಚಗೆ,
ಅಲುಗದ ಹಾಸು, ಅದರ ಮೇಲೊಂದು ಹಾಸು,
ಇಸ್ತ್ರಿ ಹಾಕಿ ಮಡಿಸಿಟ್ಟ ದುಪ್ಪಟಿಗಳ ಹಾಗೆ.

ನಾನು ಗೊಂಡೆಲ್. ಗಾಳಿಯ ಲೆಕ್ಕ ಬರೆಯುವವಳು.
ಎಂಬತ್ತು ಗಾಳಿಯಂತ್ರ, ಎಂಟು ಸಾಲು,
ಒಂದೊಂದರ ರೆಕ್ಕೆಯೂ ನಮ್ಮೂರ ಇಗರ್ಜಿಯ ಗೋಪುರಕ್ಕಿಂತ ಉದ್ದ.
ಹಿಂದಿನ ಸಾಲಿಗೆ ಸಿಗುವುದು ಬಡಕಲು ಗಾಳಿ,
ಮುಂದಿನವರು ಉಂಡು ಬಿಟ್ಟದ್ದು. ಅದು ಎಲ್ಲರಿಗೂ ಗೊತ್ತು.
ಆ ವಸಂತದಲ್ಲಿ ಮಾತ್ರ
ಮೊದಲ ಪಂಕ್ತಿಯ ಎಲೆಗೇ ಅನ್ನ ಕಡಿಮೆ ಬಿತ್ತು.

ಕೆಲವು ಗಂಟೆ ನೂರಕ್ಕೆ ಎಂಟು.
ಹ್ಯಾಂಬರ್ಗಿನ ಕಚೇರಿಯಿಂದ ಕರೆಯ ಮೇಲೆ ಕರೆ:
ಬಾರದ ಗಾಳಿಯನ್ನು ಅವರು ಹೋದ ವರ್ಷವೇ ಮಾರಿಯಾಗಿತ್ತು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನನ್ನ ಅಳತೆಯಂತ್ರವನ್ನು ಮೂರು ಸಲ ಬಿಚ್ಚಿ ತೊಳೆಸಿದರು.
ನನ್ನನ್ನೂ ಬಿಚ್ಚುತ್ತಿದ್ದರೇನೋ, ತಿರುಪು ಸಿಕ್ಕಿದ್ದರೆ.

ಲೇಸರಿನ ಕಣ್ಣನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ಕೂತೆ.
ಆರು ಕಿಲೋಮೀಟರಾಚೆ, ಸೆಕೆಂಡಿಗೆ ಒಂಬತ್ತು ಮೀಟರು.
ಮೂರರಲ್ಲಿ, ಒಂಬತ್ತಕ್ಕೆ ಚೂರು ಕಡಿಮೆ.
ಒಂದರಲ್ಲಿ, ಎಂಟೂ ಮುಕ್ಕಾಲು.
(ಗಾಳಿಯಲ್ಲಿ ಕಾಸು ಹೋದರೆ
ಕರೆಂಟಿನಲ್ಲಿ ಮೂರು ಕಾಸು.)
ನಡುವೆ ಏನೂ ಇಲ್ಲ. ಒಂದು ಕಡಲಹಕ್ಕಿ, ಅಷ್ಟೆ.
ತಡೆದವರಿಲ್ಲ, ಆದರೂ ತಡವರಿಸಿದೆ.
ಗಾಳಿಸುದ್ದಿ ಅನ್ನುತ್ತೇವಲ್ಲ,
ಇಲ್ಲಿ ಸುದ್ದಿ ಗಾಳಿಗೇ ಮೊದಲು ಮುಟ್ಟಿದೆ.

ಭಾನುವಾರ ಒಡ್ಡಿನ ಮೇಲೆ ತಮ್ಮ ಇಂಗ್ವರ್
ಕುರಿ ಹೊಡೆದುಕೊಂಡು ಬರುತ್ತಿದ್ದ.
ನಾನೂರು ಕುರಿ, ಒಂದು ಗೇಟು.
ಮುಂದಿನದು ಕಂಬಕ್ಕೆ ಮೂಗು ತಾಗಿಸುವ ಮೊದಲೇ
ಎಷ್ಟೋ ಮಾರು ಹಿಂದಿನ ಮುದಿ ಟಗರು
ಹೆಜ್ಜೆ ಸಣ್ಣ ಮಾಡಿತು.
ಅದಕ್ಕೆ ಗೇಟು ಕಾಣದು.
ಪಕ್ಕೆಗೆ ಪಕ್ಕೆ ಒತ್ತಿ, ಉಣ್ಣೆಯಿಂದ ಉಣ್ಣೆಗೆ
ಬಂದ ಸಮಾಚಾರ.
"ಬೇಲಿ ಹಾರಬಾರದೆ ಇವು?" ಅಂದೆ.
"ಉಣ್ಣೆ ಕತ್ತರಿಸಿದ ಮಾರನೆಯ ದಿನ ನೋಡು," ಅಂದ,
"ಮೇಕೆಗಳ ಹಾಗೆ ಹಾರುತ್ತವೆ. ಈಗ ಮೈ ಭಾರ."

ಆ ರಾತ್ರಿ ಲೆಕ್ಕದ ಹಾಳೆಯ ಅಂಚಿಗೆ ಬರೆದೆ:
ಮೈ ಭಾರ.

ತಣ್ಣನೆಯ ಗಾಳಿ ಮೇಲೇರಲು ಒಲ್ಲದು,
ಎತ್ತಿದರೂ ಜಾರಿ ತನ್ನ ಹಾಸಿಗೇ ಮರಳುತ್ತದೆ,
ನೆತ್ತಿಯ ಮೇಲೆ ಬೆಚ್ಚನೆಯ ಮುಚ್ಚಳ.
ಹಾಗಾಗಿ ಹಿಂದಕ್ಕೆ ಒತ್ತುತ್ತದೆ, ಮೈಲಿಗಟ್ಟಲೆ,
ಬದಿಗೆ ಸರಿಯುತ್ತದೆ.
ಮೂಲೆಯ ಎರಡು ಯಂತ್ರಗಳಿಗೆ ಒಂದು ತುತ್ತು ಹೆಚ್ಚು.

ಅಕ್ಟೋಬರಿನ ಗಾಳಿ ಬೇರೆ.
ವಾಯುವ್ಯದ್ದು, ನಾರ್ವೆಯ ಹಿಮ ಮೂಸಿ ಬಂದದ್ದು.
ಈಗ ಕಡಲೇ ಬೆಚ್ಚಗೆ,
ಬೇಸಿಗೆಯನ್ನು ಆರಗೊಡದ ಹಂಡೆ.
ಅಡಿಯಿಂದ ಕುದಿ. ಗಾಳಿ ಬುಗ್ಗೆಬುಗ್ಗೆಯಾಗಿ ಏಳುತ್ತದೆ,
ಹಾಸುಗಳೆಲ್ಲ ಕಲಸಿ, ಮುಚ್ಚಳ ಎಲ್ಲೋ ಮೇಲೆ ಹಾರಿ.
ಯಂತ್ರಗಳ ಹತ್ತಿರ ಬಂದು, ಕೊಂಚವೇ ತಗ್ಗಿ,
ಉಳಿದದ್ದು ತಲೆಯ ಮೇಲಿಂದ ದಾಟಿಬಿಡುತ್ತದೆ.
ಈಗ ಮೊದಲ ಪಂಕ್ತಿ ಆಚೆ ಬದಿಯದು,
ಅದಕ್ಕೆ ಹೊಟ್ಟೆ ತುಂಬ ಊಟ.
ಹ್ಯಾಂಬರ್ಗಿನಿಂದ ಕರೆ ಇಲ್ಲ.
ಸರಿಯಾದದ್ದಕ್ಕೆ ಯಾರೂ ಫೋನು ಮಾಡುವುದಿಲ್ಲ.

ನವೆಂಬರಿನಲ್ಲಿ ವರದಿ ಹಿಡಿದು ನಾನೇ ಹೋದೆ.
ಆರನೆಯ ಮಹಡಿ, ಉದ್ದನೆಯ ಓಣಿ,
ಕಾಲಡಿಗೆ ಸದ್ದು ನುಂಗುವ ಕಂಬಳಿ.
ಕೊನೆಗೊಂದು ಬಾಗಿಲು, ಒಳಗೆ ಹನ್ನೊಂದು ಜನ,
ಗಾಳಿ ಮಾರಿದವರು.
ಇನ್ನೂ ಇಪ್ಪತ್ತು ಹೆಜ್ಜೆ ಇತ್ತು.
ಯಾರೂ ತಡೆದಿರಲಿಲ್ಲ.
ಕಾಲು ತಾನಾಗಿ ನಿಧಾನವಾಯಿತು.

ಒಂದು ಗಳಿಗೆ ಗೋಡೆಗೊರಗಿದೆ.
ನಕ್ಕೆ.
ಮಳೆಗೆ ನೆನೆದ ಉಣ್ಣೆಯ ಕೋಟನ್ನು
ಕಳಚಿ ತೋಳಿಗೆ ಹಾಕಿಕೊಂಡೆ.